ಕೆಂಪು ನಾಯಿಯ ಮೇಲೆ ಬಂದ ಮಾತು

ಚೊಚ್ಚಲ ಹೆರಿಗೆಗೆಂದು ನಾನು ದಿಗ್ಗೇವಾಡಿಯ ತವರಿಗೆ ಬಂದಾಗ ಆ ನಾಯಿಗೆ ಎರಡು ವರ್ಷ ಆಗಿತ್ತು. ಕೆಂಪು ಮೈಯ ಹೆಣ್ಣು ನಾಯಿ. ನಾನು ಮದುವೆಯಾಗಿ ಅಥಣಿಯ ಆಚೆ ತೆಲಸಂಗಕ್ಕೆ ಹೋದ ವರ್ಷ, ಕಬ್ಬಿನ ಗಾಡಿಯ ಹಿಂದೆ ನಡೆದು ಬಂದ ಮರಿಯನ್ನು ಅಪ್ಪ ಕಬ್ಬಿಗೆ ನುಗ್ಗುವ ಹಂದಿ ಓಡಿಸಲು ಇರಲಿ ಎಂದು ಇಟ್ಟುಕೊಂಡಿದ್ದ. ಹಾಗಾಗಿ ಅದಕ್ಕೆ ನನ್ನ ಪರಿಚಯ ಇರಲಿಲ್ಲ. ಮೊದಲ ದಿನ ಬೊಗಳಿತು, ಎರಡನೆಯ ದಿನ ಮೂಸಿತು, ಮೂರನೆಯ ದಿನದಿಂದ ನಾನು ಕೂತಲ್ಲಿ ಬಂದು ಕೂರತೊಡಗಿತು.

ಎಂಬತ್ತರ ದಶಕದ ಕೊನೆಯ ವರ್ಷಗಳವು. ಕೂಸು ಉಳಿಯಲಿಲ್ಲ. ದಿನ ತುಂಬಿದ ಮೇಲೆ ಒಂದು ಹಗಲು ಒಂದು ರಾತ್ರಿ ಹೊಟ್ಟೆ ಸುಮ್ಮನಿತ್ತು. ಆಸ್ಪತ್ರೆಗೆ ಹೋದರೆ ಉಸಿರಿಲ್ಲ ಎಂದರು. ಆದರೂ ಹೆರಿಗೆ ಆಗಲೇಬೇಕಿತ್ತು, ಆಯಿತು. ಮನೆಗೆ ಕರೆತಂದರು. ನನ್ನ ಗಂಡ ಬಂದು, ಒಂದು ದಿನ ಇದ್ದು, ತೋಟಕ್ಕೆ ನೀರು ಬಿಡಬೇಕೆಂದು ಹೋದರು.

ಬಾಣಂತನ ಮಾತ್ರ ನಡೆಯಿತು. ತಲೆಗೆ ಬಟ್ಟೆ ಕಟ್ಟಿದರು, ಕಿವಿಗೆ ಹತ್ತಿ ಇಟ್ಟರು. ಹಾಲು ಬತ್ತಲಿ ಎಂದು ಎದೆಗೆ ಬಿಗಿದು ಕಟ್ಟಿದರು. ಅವ್ವ ಮೊದಲೇ ಕಟ್ಟಿಟ್ಟಿದ್ದ ಅಂಟಿನ ಉಂಡೆ ಒಂದು ಡಬ್ಬಿ ತುಂಬ ಇದ್ದವು. ದಿನಕ್ಕೊಂದು ಕೊಡುತ್ತಿದ್ದಳು, ನಾನು ತಿನ್ನುತ್ತಿದ್ದೆ. ಅಳು ಬರಲಿಲ್ಲ. ಅಳಬೇಕೆಂದು ಎಲ್ಲರೂ ಕಾಯುತ್ತಿದ್ದರು. ಬಂದವರು ನನ್ನ ಕೈ ಹಿಡಿದು ತಾವೇ ಅಳುತ್ತಿದ್ದರು. ಅವರ ಬಳೆಗಳಲ್ಲಿ ಎಷ್ಟು ಹಸಿರು, ಎಷ್ಟು ಕೆಂಪು ಎಂದು ನಾನು ನೋಡುತ್ತಿದ್ದೆ.

ನಾಯಿ ಶುರು ಮಾಡಿದ್ದು ಈ ಬಂದು ಹೋಗುವವರ ನಡುವೆ. ಅಪ್ಪನ ಅಕ್ಕ, ನಮ್ಮ ಅತ್ತೆ, ರಾಯಬಾಗದಿಂದ ಬಂದಿದ್ದರು. ಬಾಗಿಲಲ್ಲೇ ಜೋರಾಗಿ ಅಳುತ್ತ ಒಳಗೆ ಬಂದರು. ನಾಯಿ ಅವರ ಸುತ್ತ ಎರಡು ಸುತ್ತು ಓಡಿತು, ಕುಂಯ್‌ಗುಟ್ಟಿತು, ಆಮೇಲೆ ಮೂಲೆಯಲ್ಲಿ ಮಡಚಿಟ್ಟಿದ್ದ ಕೌದಿಯನ್ನು ಮುಂಗಾಲುಗಳಲ್ಲಿ ತಬ್ಬಿಕೊಂಡು ಗಂಡು ನಾಯಿಯಂತೆ ಸೊಂಟ ಆಡಿಸತೊಡಗಿತು.

ಅತ್ತೆಯ ಅಳು ನಿಂತಿತು. "ಇದ ಹೆಣ್ಣ ನಾಯಿ ಅಲ್ಲೇನ ಬೇ?" ಎಂದು ಅವ್ವನನ್ನು ಕೇಳಿದರು.

"ಹೌದ್ರಿ."

"ಹೆಣ್ಣ ನಾಯಿ ಗಂಡಿನಂಗ ಏರಾಕತ್ತಿದ್ರ ಆ ಮನಿಗೆ ಛಲೋ ಅಲ್ಲ. ಎಷ್ಟ ದಿನದಿಂದ ಮಾಡಾಕತ್ತೈತಿ?"

ಅವ್ವ ನಾಯಿಯ ಕಡೆ ನೋಡಿದಳು. ಆಕೆ ಏನು ನೆನೆಯುತ್ತಿದ್ದಾಳೆಂದು ನನಗೆ ಗೊತ್ತಿತ್ತು. ಏಳು ತಿಂಗಳಿಗೆ ನನಗೆ ಇಲ್ಲೇ ಸೀಮಂತದ ಕುಬುಸ ಮಾಡಿದ ದಿನ ಮನೆ ತುಂಬ ಹೆಂಗಸರು, ಹಾಡು, ಗದ್ದಲ. ಅಂದೂ ಈ ನಾಯಿ ಯಾರದೋ ಮಗುವಿನ ಕಾಲು ತಬ್ಬಿಕೊಂಡು ಹೀಗೇ ಮಾಡಿತ್ತು. ಎಲ್ಲರೂ ಸೆರಗು ಬಾಯಿಗೆ ಹಿಡಿದು ನಕ್ಕಿದ್ದರು.

"ಕುಬಸದ ದಿನಾನೂ ಮಾಡಿತ್ತ್ರಿ," ಎಂದಳು ಅವ್ವ, ಬಹಳ ಸಣ್ಣ ದನಿಯಲ್ಲಿ.

"ಅವತ್ತ ಹೊರಗ ಹಾಕಬೇಕಿತ್ತ," ಎಂದರು ಅತ್ತೆ.

ಅಷ್ಟಕ್ಕೇ ಮಾತು ಮುಗಿಯಿತು. ಕೂಸು ಹೋದದ್ದಕ್ಕೆ ಅಲ್ಲಿಯವರೆಗೆ ಯಾರೂ ಕಾರಣ ಹೇಳಿರಲಿಲ್ಲ. ಈಗ ಒಂದು ಕಾರಣ ಸಿಕ್ಕಿತು, ಅದಕ್ಕೆ ನಾಲ್ಕು ಕಾಲಿದ್ದವು. ಅಂದಿನಿಂದ ಅದು ಕೌದಿ ತಬ್ಬಿದಾಗಲೆಲ್ಲ ಅವ್ವ ಒಲೆಯ ಮುಂದಿನ ಕಟ್ಟಿಗೆ ಹಿಡಿದು ಏಳುತ್ತಿದ್ದಳು. ಅವ್ವ ಅದುವರೆಗೆ ಯಾವ ಪ್ರಾಣಿಗೂ ಹೊಡೆದವಳಲ್ಲ. ಆಮೇಲೆ ನಾಯಿಯನ್ನು ದನದ ಕೊಟ್ಟಿಗೆಯ ಪಕ್ಕ ಬಣವೆಯ ಹತ್ತಿರ ಕಟ್ಟಿದರು. ಕಟ್ಟಿದ ಮೇಲೆ ಇನ್ನೂ ಹೆಚ್ಚಾಯಿತು. ಹೊರಗೆ ಸೈಕಲ್ ನಿಂತ ಸಪ್ಪಳವಾದರೆ ಸಾಕು, ಮೇವಿನ ಬುಟ್ಟಿಯೋ ನೀರಿನ ಬಕೆಟ್ಟೋ ಹಗ್ಗಕ್ಕೆ ಎಟುಕಿದ್ದನ್ನು ತಬ್ಬುತ್ತಿತ್ತು. ದಾರಿಯಲ್ಲಿ ಹೋಗುವ ಹುಡುಗರು ನಿಂತು ನಗುತ್ತಿದ್ದರು.

ಒಂದು ದಿನ ಊಟಕ್ಕೆ ಕೂತಾಗ ಅಪ್ಪ ಹೇಳಿದ, "ಬರೂ ಸೋಮವಾರ ನಾಯೀನ ಹೊಳಿ ದಾಟಿಸಿ ಆಚೀ ದಂಡಿಗೆ ಬಿಟ್ಟ ಬರತೇನಿ."

ನನಗೆ ಏನೂ ಅನ್ನಿಸಲಿಲ್ಲ. ಅದನ್ನು ಬರೆಯಲು ಈಗ ಕಷ್ಟವಾಗುತ್ತದೆ, ಆದರೆ ನಿಜ. "ಹೊಳ್ಯಾಗ ನೀರ ಭಾಳ ಐತೇನಪಾ?" ಎಂದು ಮಾತ್ರ ಕೇಳಿದೆ. ಅಪ್ಪ ನನ್ನ ಮುಖ ನೋಡಿ, "ಇಲ್ಲವ್ವಾ, ದೋಣಿ ಹೋಗತೈತಿ," ಎಂದ.

ಆ ಸೋಮವಾರಕ್ಕೆ ಎರಡು ದಿನ ಮುಂಚೆ ನಮ್ಮ ಎಮ್ಮೆ ಮೇವು ಬಿಟ್ಟಿತು. ದನದ ಡಾಕ್ಟರರು ಮೋಟಾರ್ ಸೈಕಲ್ ಮೇಲೆ ಬಂದರು. ಐವತ್ತರ ಆಸುಪಾಸಿನ ಮನುಷ್ಯ. ಎಮ್ಮೆಯ ಹೊಟ್ಟೆಗೆ ಕಿವಿಗೊಟ್ಟು ಕೇಳಿ, ಬಾಯಿ ತೆಗೆಸಿ ನೋಡಿ, ಇಂಜೆಕ್ಷನ್ ಕೊಟ್ಟು, ಕೈ ತೊಳೆದು ಕಟ್ಟೆಯ ಮೇಲೆ ಚಹಾಕ್ಕೆ ಕೂತರು. ಪಕ್ಕದಲ್ಲಿ ಅಪ್ಪ. ಹೊಸಬರು ಬಂದದ್ದಕ್ಕೆ ನಾಯಿ ಬೊಗಳಿ, ಹಗ್ಗ ಜಗ್ಗಿ, ಕೊನೆಗೆ ಬುಟ್ಟಿಯನ್ನು ತಬ್ಬಿತು. ಅಪ್ಪ ಮಣ್ಣಿನ ಹೆಂಟೆ ಎತ್ತಿ ಒಗೆದ. ನಾಯಿ ಕೂಗಿಕೊಂಡು ಬಣವೆಯ ಸಂದಿಗೆ ಸೇರಿತು.

ನಾನು ಹೊಸ್ತಿಲಲ್ಲಿ ನಿಂತಿದ್ದೆ. ಕೇಳಿಬಿಟ್ಟೆ.

"ಡಾಕ್ಟರ್ ಸಾಹೇಬ್ರ, ಹೆಣ್ಣ ನಾಯಿ ಯಾಕ ಏರತೈತ್ರಿ?"

ಅಪ್ಪ ಕಪ್ಪಿನೊಳಗೆ ನೋಡತೊಡಗಿದ. ಒಳಗೆ ಅವ್ವ ರೊಟ್ಟಿ ಬಡಿಯುವ ಸಪ್ಪಳ ನಿಂತಿತು. ನಮ್ಮಲ್ಲಿ ಮಗಳು ಅಪ್ಪನ ಎದುರು, ಪರಗಂಡಸಿಗೆ, ಅಂಥ ಮಾತು ಕೇಳುವುದಿಲ್ಲ. ಅದನ್ನು ಧೈರ್ಯ ಎಂದು ನಾನು ಹೇಳಲಾರೆ. ಆ ದಿನಗಳಲ್ಲಿ ನನಗೆ ಹಸಿವೆ ಆಗುತ್ತಿರಲಿಲ್ಲ, ನಿದ್ದೆ ಬರುತ್ತಿರಲಿಲ್ಲ, ಹಾಗೆಯೇ ನಾಚಿಕೆಯೂ ಬರುತ್ತಿರಲಿಲ್ಲ.

ಡಾಕ್ಟರರು ಮಾತ್ರ ಎಮ್ಮೆಯ ಬಗ್ಗೆ ಕೇಳಿದಷ್ಟೇ ಸಹಜವಾಗಿ ಕೇಳಿದರು. "ಬೆದಿಗಿ ಬಂದೈತೇನು?"

"ಇಲ್ರಿ, ದೀಪಾವಳಿ ಮುಂದ ಬಂದಿತ್ತು, ಮತ್ತ ಬಂದಿಲ್ಲ," ಎಂದು ಒಳಗಿನಿಂದ ಅವ್ವನೇ ಹೇಳಿದಳು.

"ಉಚ್ಚಿ ಹೊಯ್ಯಾಗ ತ್ರಾಸ ಮಾಡಕೋತೈತೇನು? ಹಿಂದ ನೆಕ್ಕೊಂತ ಕೂಡೂದು?"

"ಇಲ್ರಿ," ಎಂದೆ.

ಅವರು ಎದ್ದು ಬಣವೆಯ ಹತ್ತಿರ ಹೋದರು. ನಾಯಿ ಮೊದಲು ಹಲ್ಲು ತೋರಿಸಿತು. ಅವರು ಕುಕ್ಕರಗಾಲಲ್ಲಿ ಕೂತು ಬೇರೆ ಕಡೆ ನೋಡುತ್ತ ಸುಮ್ಮನಿದ್ದರು. ಅದೇ ಬಂದು ಮೂಸಿತು. ಆಗ ಹೊಟ್ಟೆ, ಬಾಲದ ಬುಡ ಎಲ್ಲ ನೋಡಿ ತಿರುಗಿ ಬಂದರು.

"ಯಾವಾಗ ಯಾವಾಗ ಮಾಡತೈತಿ, ನೆನಪ ಮಾಡಿ ಹೇಳ ತಂಗಿ."

ಹೇಳತೊಡಗಿದೆ. ಕುಬುಸದ ದಿನ. ಅತ್ತೆ ಅಳುತ್ತ ಬಂದು, ಇದು ಮನೆಗೆ ಛಲೋ ಅಲ್ಲ ಎಂದ ದಿನ. ಓಣಿಯ ಹೆಂಗಸರು ಒಟ್ಟಾಗಿ ಬಂದ ದಿನ. ತೊಟ್ಟಿಲು ತಂದವರು ತೊಟ್ಟಿಲು ಒಯ್ಯಲು ಬಂದ ದಿನ. ಅವ್ವ ಕಟ್ಟಿಗೆ ತೋರಿಸಿದ ದಿನಗಳು. ಯಾರೂ ಬಾರದ ದಿನ ಮಾಡಿರಲಿಲ್ಲ. ನಾನು ಇಷ್ಟನ್ನೆಲ್ಲ ನೋಡಿಟ್ಟುಕೊಂಡಿದ್ದೇನೆಂದು ಹೇಳುವವರೆಗೆ ನನಗೇ ಗೊತ್ತಿರಲಿಲ್ಲ.

ಡಾಕ್ಟರರು ಅಪ್ಪನ ಕಡೆ ತಿರುಗಿದರು. "ಯಜಮಾನ್ರ, ಆಕಳ ಬೆದಿಗಿ ಬಂದಾಗ ಇನ್ನೊಂದ ಆಕಳ ಮ್ಯಾಲ ಏರತೈತಿಲ್ರಿ? ಅದಕ್ಕ ಅಪಶಕುನ ಅಂತೀರೇನು?"

"ಇಲ್ರಿ. ಅದ ಬೆದಿ ಗುರ್ತ."

"ನಾಯಾಗೂ ಹೆಣ್ಣ ಏರತಾವ್ರಿ. ಆದ್ರ ನಾಯಿಗೆ ಬೆದಿ ಒಂದ ಕಾರಣ ಅಲ್ಲ. ಮರಿ ಇದ್ದಾಗ ಆಟದಾಗ ಒಂದರ ಮ್ಯಾಲ ಒಂದ ಏರತಾವು, ಗಂಡ ಹೆಣ್ಣ ನೋಡೂದಿಲ್ಲ. ದೊಡ್ಡವಾದ ಮ್ಯಾಲ ಮಂದಿ ಬಂದ್ರ, ಗದ್ದಲ ಆದ್ರ, ಹಿಗ್ಗಾದ್ರ, ಅಂಜಿಕಿ ಆದ್ರ ಮೈಯಾಗ ಒಂದ ನಮೂನಿ ಕಸಿವಿಸಿ ಏಳತೈತಿ. ಏನ್ ಮಾಡಬೇಕ ತಿಳಿಯೂದಿಲ್ಲ. ಸಿಕ್ಕದ್ದನ್ನ ತಬ್ಬತೈತಿ. ಒಂದೊಂದು ಉರಿಮೂತ್ರ, ತುರಿಕಿ ಇದ್ರೂ ಮಾಡತಾವು. ಇದಕ್ಕ ಅಂಥಾದ್ದೇನೂ ಕಾಣೂದಿಲ್ಲ."

"ಹೊಡದ್ರ ಬಿಡೂದಿಲ್ಲೇನ್ರಿ?"

"ಹೊಡದ್ರ ಅಂಜಿಕಿ ಹೆಚ್ಚಾಕ್ಕೈತಿ, ಅದರ ಸಂಗಾಟ ಇದೂ ಹೆಚ್ಚಾಕ್ಕೈತಿ. ಸುತ್ತ ನಿಂತು ನಕ್ರೂ ಹಂಗ. ಮಂದಿ ಬಂದಾಗ ಅದನ್ನ ಹೊರಗ ಕರಕೊಂಡ ಹೋಗ್ರಿ, ಅಡ್ಡಾಡಿಸ್ರಿ. ಅದು ಏರಾಕ ಹೋದ್ರ ಬೈಬ್ಯಾಡ್ರಿ, ಕರೀರಿ, ಬ್ಯಾರೆ ಏನರೆ ಕೊಡ್ರಿ. ದಿನಾ ಹಗ್ಗದಾಗ ಇದ್ರ ಯಾವ ನಾಯಿಗೂ ತಲಿ ಕೆಡತೈತಿ."

ಹೊರಡುವಾಗ ನನ್ನ ತಲೆಗೆ ಕಟ್ಟಿದ ಬಟ್ಟೆ ನೋಡಿ, "ಕೂಸ ಎಷ್ಟ ದಿನದ್ದು?" ಎಂದು ಕೇಳಿದರು. "ಉಳೀಲಿಲ್ರಿ," ಎಂದ ಅಪ್ಪ. ಅವರು ಮೋಟಾರ್ ಸೈಕಲ್ ಬಿಟ್ಟು ನನ್ನ ಕಡೆ ತಿರುಗಿದರು. "ಊಟ ಸರಿಯಾಗಿ ಮಾಡ ತಂಗಿ," ಎಂದು ಹೇಳಿ ಹೋದರು.

ಸೋಮವಾರ ಅಪ್ಪ ಹೊಳೆಗೆ ಹೋಗಲಿಲ್ಲ. ಬಣವೆಯ ಹತ್ತಿರದ ಹಗ್ಗವನ್ನು ಬಿಚ್ಚಿ ಎತ್ತಿನ ಗೂಟಕ್ಕೆ ಸುತ್ತಿಟ್ಟ, ಅಷ್ಟೆ.

ಆದರೆ ಮಂದಿ ಬಂದಾಗ ಅದನ್ನು ಹೊರಗೆ ಒಯ್ಯುವವರು ಯಾರು? ಅಪ್ಪ ಹೊಲದಲ್ಲಿ. ಬಂದವರಿಗೆ ಅವ್ವ ಚಹಾ ಮಾಡಬೇಕು. ಉಳಿದವಳು ನಾನು.

"ಹಸಿ ಮೈ ಐತಿ, ಗಾಳಿಗೆ ಹೋಗಬ್ಯಾಡ," ಎಂದಳು ಅವ್ವ.

"ಹಿತ್ತಲದಾಗ ಇರತೇನಿ," ಎಂದು ಹೇಳಿ ಹೋದೆ. ಮರುದಿನ ಹಿತ್ತಲು ದಾಟಿದೆ. ಒಂದು ವಾರದಲ್ಲಿ ಕಬ್ಬಿನ ಬದುವಿನ ಮೇಲೆ ನಡೆದು ಹೊಳೆಯ ದಂಡೆಯವರೆಗೆ ಹೋಗುತ್ತಿದ್ದೆ. ಬಾಗಿಲಲ್ಲಿ ಚಪ್ಪಲಿಯ ಸಪ್ಪಳ ಕೇಳಿದರೆ ನಾನೂ ನಾಯಿಯೂ ಹಿಂದಿನ ಬಾಗಿಲಿನಿಂದ ಹೊರಗೆ. ಬಂದವರು ನನ್ನನ್ನು ಕೇಳಿದರೆ, "ನಾಯೀನ ಅಡ್ಡಾಡ್ಸಾಕ ಹೋಗ್ಯಾಳ, ಡಾಕ್ಟರ್ ಹೇಳ್ಯಾರ," ಎಂದು ಅವ್ವ ಹೇಳಬೇಕಾಗುತ್ತಿತ್ತು. ಡಾಕ್ಟರರು ಹೇಳಿದ್ದು ನಾಯಿಗೋ ಬಾಣಂತಿಗೋ ಎಂದು ಯಾರೂ ವಿಚಾರಿಸಲಿಲ್ಲ. ಹೊರಗೆ ಹೋಗಿ ನನಗೆ ಸಮಾಧಾನ ಆಯಿತೆಂದು ಹೇಳುವಂತಿಲ್ಲ. ನಡೆಯುತ್ತಿದ್ದೆ. ಕಾಲು ನೋಯುತ್ತಿದ್ದವು, ನೋಯುವುದು ಗೊತ್ತಾಗುತ್ತಿತ್ತು.

ಕಬ್ಬು ಕಡಿದ ಹೊಲವೊಂದರಲ್ಲಿ ಗೊಬ್ಬರಕ್ಕಾಗಿ ಕುರಿ ನಿಲ್ಲಿಸಿದ್ದರು. ಮೂರು ಕಲ್ಲಿನ ಒಲೆಯ ಮುಂದೆ ಕುರಿಗಾರರ ಮುದುಕಿ ರೊಟ್ಟಿ ಬಡಿಯುತ್ತಿದ್ದಳು. ಅವಳ ಪಕ್ಕದಲ್ಲಿ ಎರಡು ನಾಯಿಮರಿಗಳು ಕಚ್ಚಾಡಿ, ಹೊರಳಾಡಿ, ಒಂದು ಇನ್ನೊಂದರ ಬೆನ್ನೇರಿತು. ಸ್ವಲ್ಪ ಹೊತ್ತಿಗೆ ಕೆಳಗಿದ್ದದ್ದು ಮೇಲೇರಿತು. ಮುದುಕಿ ಅತ್ತ ತಿರುಗಿಯೂ ನೋಡಲಿಲ್ಲ.

"ಆಯಿ, ಇವು ಗಂಡೋ ಹೆಣ್ಣೋ?" ಎಂದು ಕೇಳಿದೆ.

"ಎರಡೂ ಹೆಣ್ಣ ಯವ್ವಾ. ಆಡಾಕತ್ತಾವು," ಎಂದಳು. ನನ್ನ ಕೆಂಪು ನಾಯಿ ಅವುಗಳ ನಡುವೆ ನುಗ್ಗಿತು, ಅವು ಅದರ ಮೇಲೂ ಏರಲು ನೋಡಿ ಬಿದ್ದವು. ನಾನು ಅಲ್ಲಿ ಬಹಳ ಹೊತ್ತು ಕೂತಿದ್ದೆ. ಮುದುಕಿ ಕೇಳದೆಯೇ ಅರ್ಧ ರೊಟ್ಟಿ, ಮೇಲೆ ಖಾರ ಇಟ್ಟು ಕೊಟ್ಟಳು. ನಾಲಿಗೆ ಉರಿಯಿತು.

ಮೂರನೆಯ ತಿಂಗಳಲ್ಲಿ ನನ್ನನ್ನು ಕರೆದೊಯ್ಯಲು ನನ್ನ ಗಂಡ ಮತ್ತು ಅವರ ತಾಯಿ ತೆಲಸಂಗದಿಂದ ಬಂದರು. ಮಧ್ಯಾಹ್ನ ಬರುತ್ತಾರೆಂದು ತಿಳಿದಿದ್ದೆವು, ಬೆಳಿಗ್ಗೆಯ ಬಸ್ಸಿಗೇ ಬಂದುಬಿಟ್ಟರು. ನಾನು ನೀರು ತುಂಬುತ್ತಿದ್ದೆ. ನಾಯಿಯನ್ನು ಹೊರಗೆ ಒಯ್ಯುವವರಿಲ್ಲ. ನನ್ನ ಗಂಡನ ತಾಯಿ ಕೈಚೀಲ ಕೆಳಗಿಟ್ಟು ಕಾಲು ತೊಳೆಯುವಷ್ಟರಲ್ಲಿ ಅದು ಎರಡು ಸುತ್ತು ಓಡಿ ಚೀಲವನ್ನು ತಬ್ಬಿತು.

ಬೀಗರ ಎದುರು ಇಂಥದ್ದು. ಅಪ್ಪ ಕಲ್ಲಾಗಿ ನಿಂತ. ನಾನು ಕೊಡ ಇಳಿಸುವ ಮೊದಲೇ ಅವ್ವ ಒಳಗಿನಿಂದ ರೊಟ್ಟಿಯ ಚೂರು ಹಿಡಿದು ಬಂದಳು. ಬೈಯಲಿಲ್ಲ. ನಾಯಿಯನ್ನು ಹೆಸರು ಹಿಡಿದು ಕರೆದಳು. ಅದು ಚೀಲ ಬಿಟ್ಟು ಅವಳ ಹಿಂದೆ ಹೋಯಿತು.

"ಏನಿಲ್ರಿ ಬೀಗ್ತಿ," ಎಂದಳು ಅವ್ವ. "ಹೊಸಬ್ರು ಬಂದ್ರ ಅದಕ್ಕ ಏನ್ ಮಾಡಬೇಕ ತಿಳಿಯೂದಿಲ್ಲ. ಅದಕ್ಕ ಹಂಗ ಮಾಡತೈತಿ. ಹೆಣ್ಣೂ ಮಾಡತಾವಂತ."

"ಹೌದ್ರಿ?" ಎಂದರು ಅವರು, ಚೀಲ ಕೊಡವುತ್ತ. "ನಮ್ಮ ತ್ವಾಟದಾಗಿನ ನಾಯೀನೂ ಹಿಂಗ ಮಾಡತೈತ್ರಿ. ನಾವ್ ಬರೇ ಕಲ್ಲ ಒಗಕೋತ ಬಂದೇವಿ."

ಮರುದಿನ ಬಸ್ಸಿನಲ್ಲಿ ನನ್ನ ಗಂಡ ನನ್ನ ಪಕ್ಕ ಕೂತರು. ಅವರ ತಾಯಿ ಮುಂದಿನ ಸೀಟಿನಲ್ಲಿ. ಹೊಳೆ ದಾಟಿದ ಮೇಲೆ ಗಂಡ ನಾಯಿಯ ವಿಷಯ ಕೇಳಿದರು. ಡಾಕ್ಟರರು ಹೇಳಿದ್ದನ್ನೆಲ್ಲ ಹೇಳಿದೆ. ಬೆದೆ, ಆಟ, ಅಂಜಿಕೆ, ಉರಿಮೂತ್ರ, ಒಂದನ್ನೂ ಬಿಡದೆ. ಮದುವೆಯಾಗಿ ಎರಡು ವರ್ಷದಲ್ಲಿ ನಾನು ಅವರೊಡನೆ ಒಂದೇ ಸಲಕ್ಕೆ ಅಷ್ಟು ಮಾತಾಡಿರಲಿಲ್ಲ. ಅವರು ಕೇಳಿಸಿಕೊಂಡರು. ಆಮೇಲೆ ಕಿಟಕಿಯ ಕಡೆ ನೋಡುತ್ತ, "ನಾ ಬರೂದ್ರಾಗ ಮಣ್ಣ ಮಾಡಿದ್ರು. ಹೆಂಗಿದ್ದ?" ಎಂದರು.

"ತಲಿ ತುಂಬ ಕೂದಲ ಇದ್ದೂರಿ," ಎಂದೆ.

ಅವರು ತಲೆಯಾಡಿಸಿದರು.

ನನಗೆ ಅಳು ಬಂದದ್ದು ಮರುವರ್ಷ, ನಮ್ಮ ತೋಟದ ದ್ರಾಕ್ಷಿಯ ಪಡದಲ್ಲಿ ಬಳ್ಳಿ ಸವರುವ ಚಾಟಣಿ ಕೆಲಸ ನಡೆದಾಗ, ಕತ್ತರಿ ಕೈಯಲ್ಲಿ ಹಿಡಿದು, ಯಾವ ಕಾರಣವೂ ಇಲ್ಲದೆ. ಕೂಲಿಯವರು ಹೆದರಿ ನೀರು ತಂದರು. ಆ ಹೊತ್ತಿಗೆ ದಿಗ್ಗೇವಾಡಿಯ ನಾಯಿ ಐದು ಮರಿ ಹಾಕಿತ್ತೆಂದು ಅಪ್ಪ ಪತ್ರ ಬರೆಸಿದ್ದ. ಅವುಗಳಲ್ಲಿ ಒಂದನ್ನು ಅಪ್ಪನ ಅಕ್ಕ ತಾವೇ ಕೇಳಿ ರಾಯಬಾಗಕ್ಕೆ ಒಯ್ದರಂತೆ.