ಶಿರಸಿ ಹವಾನಾದ ಶ್ರೀಪಾದ

ಶ್ರೀಪಾದನಿಗೆ ನೆಟ್ಟಗೆ ನಿಲ್ಲಲು ಬರುತ್ತಿರಲಿಲ್ಲ. ಶಿರಸಿಯ ಪೋಸ್ಟಾಫೀಸಿನಲ್ಲಿ ಸ್ಟಾಂಪಿಗೆ ಅಂಟು ಹಚ್ಚುವಾಗಲೂ ಸೊಂಟ ಅಲುಗುತ್ತಲೇ ಇರಬೇಕು. ಗೋವಾದ ಹೋಟೆಲೊಂದರಲ್ಲಿ ತಟ್ಟೆ ಹೊತ್ತು, ಅಲ್ಲಿನ ವಾದ್ಯದವರನ್ನು ಬಾಗಿಲ ಸಂದಿಯಿಂದ ನೋಡಿ ಬಂದವ. ಊರಿಗೆ ಬಂದಮೇಲೆ ಜಗತ್ತಿನ ಸಂಗೀತವನ್ನೆಲ್ಲ ಅರೆದು ಕುಡಿದವನ ಠೀವಿ.

ತೊಂಬತ್ತರ ದಶಕದ ಕೊನೆ ಅದು. ಕ್ಯೂಬಾದ ತಾಳಕ್ಕೆ ಅಮೆರಿಕದ ಕಪ್ಪುಜನರ ಸೋಲ್ ಹಾಡುಗಾರಿಕೆ ಬೆರೆಸುತ್ತೇನೆಂದು, ಕ್ಯೂಬಾದ ರಾಜಧಾನಿಯ ಹೆಸರನ್ನು ಊರಿಗೆ ಅಂಟಿಸಿ ‘ಶಿರಸಿ ಹವಾನಾ’ ಎಂಬ ತಂಡ ಕಟ್ಟಿದ. ಭಜನೆ ಹೇಳುತ್ತಿದ್ದ ಇಬ್ಬರು ಹುಡುಗರು, ನನ್ನ ತಂಗಿ ಸುಮಿತ್ರಾ, ಗಿಲಕಿ ಅಲ್ಲಾಡಿಸಲು ಇವ. ಅಭ್ಯಾಸ ನಮ್ಮ ಮನೆಯ ಮಹಡಿಯಲ್ಲಿ. ಒಬ್ಬೊಬ್ಬರು ಒಂದೊಂದು ಸ್ವರ ಹಿಡಿದು ಒಟ್ಟಿಗೇ ಹಾಡಬೇಕೆಂಬುದು ಇವನ ಪಾಠ. “ಮೂರೂ ಜನ ಬೇರೆ ಬೇರೆ ಸ್ವರ ಹಿಡಿಯವು. ಫೀಲ್ ಬೇಕು, ಫೀಲ್. ನಿಂಗಕ್ಕೆ ಅದೆಲ್ಲ ಗೊತ್ತಾಗ್ತಿಲ್ಲೆ” ಎನ್ನುತ್ತಿದ್ದ. ನೀನೇ ಹಾಡಿ ತೋರಿಸು ಎಂದರೆ ಗಂಟಲು ನೋವು. ಕ್ಯಾಸೆಟ್ ಕೇಳಿ ಯಾರ ಸ್ವರ ಎಲ್ಲಿ ಎಂದು ಹುಡುಕಿ ಕಲಿಸಿದವಳು ನನ್ನ ತಂಗಿ. ಹೊಗಳಿಕೆ ಮಾತ್ರ ಇವನ ಜೇಬಿಗೆ.

ಅದೇ ಹೊತ್ತಿಗೆ ಸುಮಿತ್ರಾಗೆ ಧಾರವಾಡದ ರೇಡಿಯೋದಿಂದ ಧ್ವನಿ ಪರೀಕ್ಷೆಗೆ ಕರೆ ಬಂತು. ಚಿಕ್ಕಂದಿನಿಂದ ಅವಳು ಕಾದದ್ದು ಅದೊಂದಕ್ಕೇ. ಆದರೆ ಅದೇ ದಿನ ಸಿದ್ದಾಪುರದಲ್ಲಿ, ಒಂದು ಮದುವೆಯ ರಿಸೆಪ್ಶನ್ನಿನಲ್ಲಿ, ತಂಡದ ಮೊದಲ ಕಾರ್ಯಕ್ರಮ. “ರೇಡಿಯೋ ಎಲ್ಲಿಗೆ ಓಡಿಹೋಗ್ತು? ಮುಂದಿನ ಸಲ ಹೋಗು. ನೀ ಇಲ್ದೆ ಎಂಗ ಎಂತ ಮಾಡವು?” ಎಂದು ನಮ್ಮ ಜಗುಲಿಯಲ್ಲಿ ಕೂತು ಅತ್ತೇಬಿಟ್ಟ, ಪುಣ್ಯಾತ್ಮ. ತಂಗಿ ಕರಗಿದಳು.

ಸಿದ್ದಾಪುರದಲ್ಲಿ ಮೂರು ಸ್ವರ ಚೆಂದವಾಗಿಯೇ ಕೂಡಿದ್ದವು. ಮದುಮಗಳ ದೊಡ್ಡಪ್ಪ ಊರ ಭಜನೆಗೆ ಯಜಮಾನರು. ಪಾಪ, ಬೇರೆ ಬೇರೆ ಸ್ವರ ಕೇಳಿ ಮಕ್ಕಳ ಶ್ರುತಿ ತಪ್ಪಿತೆಂದು ಮರುಗಿ ತಮ್ಮ ಶ್ರುತಿಪೆಟ್ಟಿಗೆ ತಂದು ಮೈಕಿನ ಮುಂದಿಟ್ಟರು. “ಎಲ್ಲ ಇದಕ್ಕೆ ಸೇರ್ಸಿ ಹೇಳಿ” ಎಂದರು. ಹಿರಿಯರು ಶ್ರುತಿ ಕೊಟ್ಟರೆ ಸೇರಿಸಿಯೇ ಅಭ್ಯಾಸವಾದ ಹುಡುಗರು ಒಟ್ಟಿಗೇ ಆ ಸ್ವರಕ್ಕೆ ಬಿದ್ದರು. ಸಭೆಯೂ ಚಪ್ಪಾಳೆ ತಟ್ಟುತ್ತ ಭಜನೆಯೆಂದೇ ಸೇರಿಕೊಂಡಿತು. ತಂಗಿ ಒಬ್ಬಳು ತನ್ನ ಸ್ವರ ಬಿಡದೆ ಕೊನೆಯವರೆಗೆ ನಿಂತಳು.

ವೇದಿಕೆ ಇಳಿದ ಶ್ರೀಪಾದ ಮಹಾಶಯ ತಂಗಿಯತ್ತ ಬೆರಳು ತೋರಿಸಿ ಎಲ್ಲರೆದುರು ಹೇಳಿದ್ದೇನು? “ಈ ಕೂಸಿಂದ್ಲೇ ಹಾಳಾತು. ಎಲ್ಲ ಒಂದು ಬದಿಗೆ ಹೋದ್ರೆ ಇದು ಇನ್ನೊಂದು ಬದಿಗೆ.” ಮೂರೂ ಜನ ಬೇರೆ ಬೇರೆ ಸ್ವರ ಹಿಡಿಯಬೇಕೆಂದವನ ಮಾತು ಇದು. ನಾಚಿಕೆಗೆಟ್ಟವ.

ತಂಡ ಅಲ್ಲಿಗೆ ಮುಗಿಯಿತು. ರೇಡಿಯೋದಿಂದ ಮತ್ತೆ ಕರೆ ಬರಲಿಲ್ಲ. ಸುಮಿತ್ರಾ ಮನೆಯಲ್ಲಿ ಆರತಿ ಹಾಡು ಹೇಳುವುದನ್ನೂ ಬಿಟ್ಟಳು.

ಕೆಲವು ವರ್ಷ ಕಳೆದು ಯಲ್ಲಾಪುರದ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿದ. ಈಗ ಮಕ್ಕಳಿಗೆ ಸಂಗೀತ ಕಲಿಸುತ್ತಾನಂತೆ, ಆ ಮಕ್ಕಳನ್ನು ದೇವರೇ ಕಾಪಾಡಬೇಕು. ನನ್ನ ಹೆಗಲ ಮೇಲೆ ಕೈ ಹಾಕಿ, “ನಿನ್ನ ತಂಗಿ ಚೊಲೋ ಪದ ಹೇಳ್ತಿತ್ತು ಮಾರಾಯಾ. ಎಂತ ಹೆಸರು ಅದ್ರದ್ದು?” ಎಂದ.

ಕೈ ತೆಗೆದು ಹಾಕಿ ಬಸ್ಸು ಹತ್ತಿದೆ. ಅವಳ ಹೆಸರು ಆ ಬಾಯಲ್ಲಿ ಬರುವುದು ನನಗೆ ಬೇಕಿರಲಿಲ್ಲ.