ಈಜು ಮೇಷ್ಟ್ರ ಮನೆಸಾಲ

ತನ್ನ ಹುಟ್ಟುಹಬ್ಬದ ದಿನ ಬೆಳಗ್ಗೆಯೇ ಹಿಲ್‌ಬ್ರಾಂಡ್ ಇಬ್ಬರಿಗೆ ಮಾತು ಕೊಟ್ಟು ಸಿಕ್ಕಿಹಾಕಿಕೊಂಡಿದ್ದ. ಮೊದಲು ಫೋನಿನಲ್ಲಿ ಮಗಳು ಫೆನ್ನಾಗೆ. "ಅಪ್ಪಾ, ಇವತ್ತು ಪಕ್ಕದ್ಮನೆ ರೂಲೋಫ್ ಮನೆಸಾಲದ ಬಡ್ಡಿ ವಿಷಯ ಎತ್ತೇ ಎತ್ತುತ್ತಾನೆ. ನಾನಂತೂ ಸುಮ್ನಿರಲ್ಲ. ನೀನು ಒಂದ್ಸಲನಾದ್ರೂ ನನ್ನ ಪರ ಮಾತಾಡ್ಬೇಕು," ಎಂದಳು. ಹೂಂ ಅಂದ. ಅಡುಗೆಮನೆಗೆ ಬಂದರೆ ಹೆಂಡತಿ ಅಲೀ ಸೇಬಿನ ಕೇಕು ಕತ್ತರಿಸುತ್ತ, "ಫೆನ್ನಾ ಏನಾದ್ರೂ ಶುರು ಮಾಡಿದ್ರೆ ನೀನೇ ತಡೀಬೇಕು. ಚುನಾವಣೆ ಜಗಳ ನನ್ನ ಮನೆಯೊಳಗೆ ಬೇಡ," ಎಂದಳು. ಅದಕ್ಕೂ ಹೂಂ ಅಂದ.

ಅವನು ಇರುವುದೇ ಹಾಗೆ. ಮೆಪ್ಪೆಲ್ ಊರಿನ ಅರ್ಧಕ್ಕರ್ಧ ಜನ ಅವನ ಕೈಯಲ್ಲೇ ಈಜು ಕಲಿತವರು. ಕೊಳದ ಅಂಚಿನಲ್ಲಿ ಉದ್ದ ಕೋಲು ಹಿಡಿದು ನಿಂತನೆಂದರೆ ಅವನಷ್ಟು ಖಚಿತವಾದ ಮನುಷ್ಯ ಇನ್ನೊಬ್ಬನಿಲ್ಲ. ಬಟ್ಟೆ, ಬೂಟು ಸಮೇತ ಮಗುವನ್ನು ನೀರಿಗಿಳಿಸಿ, ದಡದಲ್ಲಿ ಕಣ್ಣೊರೆಸಿಕೊಳ್ಳುವ ತಾಯಿಗೆ, "ಕಾಲುವೆಗೆ ಬೀಳೋ ಮಗು ಈಜೋ ಚಡ್ಡಿ ಹಾಕ್ಕೊಂಡು ಬೀಳಲ್ಲಮ್ಮ," ಎಂದು ಹೇಳಿ ಅತ್ತ ತಿರುಗಿಯೂ ನೋಡುತ್ತಿರಲಿಲ್ಲ. ಆದರೆ ಕೊಳದ ಬಾಗಿಲು ದಾಟಿ ಹೊರಗೆ ಬಂದರೆ ಮುಗಿಯಿತು, ಅಡ್ಡಗೋಡೆಯ ಮೇಲೆ ದೀಪ ಇಡುವುದರಲ್ಲಿ ಅವನನ್ನು ಮೀರಿಸುವವರಿಲ್ಲ. ಇದನ್ನು ಹೇಡಿತನ ಎಂದರೆ ಅನ್ಯಾಯವಾದೀತು. ಯಾರು ಕೊನೆಗೆ ಮಾತಾಡಿದರೋ ಅವರೇ ಸರಿ ಎಂದು ಅವನಿಗೆ ನಿಜವಾಗಿಯೂ ಅನ್ನಿಸುತ್ತಿತ್ತು.

ಮನೆ ಕೊಂಡದ್ದೂ ಹಾಗೆಯೇ. ಫೆನ್ನಾ ಆಗಿನ್ನೂ ಅಂಬೆಗಾಲಿಡುತ್ತಿದ್ದಳು. ರೂಲೋಫ್ ಆಗ ಟೈ ಕಟ್ಟಿಕೊಂಡು ಮನೆಸಾಲ ಕೊಡಿಸುವ ಕೆಲಸದಲ್ಲಿದ್ದ. "ಅಸಲಿನ ತಂಟೆಗೆ ಹೋಗ್ಬೇಡ ಮಾರಾಯ, ಬಡ್ಡಿ ಮಾತ್ರ ಕಟ್ಟು. ಕಟ್ಟಿದ ಬಡ್ಡೀನ ನಿನ್ನ ಆದಾಯದಿಂದ ಕಳೆದು ತೆರಿಗೆ ಹಾಕ್ತಾರೆ. ಸುಮಾರು ದುಡ್ಡು ಸರ್ಕಾರದಿಂದ ವಾಪಸ್ ಬರುತ್ತೆ. ಸಾಲ ತೀರಿಸೋನು ದಡ್ಡ," ಎಂದು ಬೀದಿಗೆಲ್ಲ ಹೇಳಿದ. ಬೀದಿಯೆಲ್ಲ ಕೇಳಿತು. ಸಾಲ ತೀರಿಸಿದವನು ತಲೆ ತಗ್ಗಿಸಿ ಓಡಾಡುವಂಥ ಬೀದಿಗಳು ಆಗ ಈ ದೇಶದ ತುಂಬ ಇದ್ದವು.

ಹಿಲ್‌ಬ್ರಾಂಡನ ಅಪ್ಪ ಮಾತ್ರ ಕೇಳಲಿಲ್ಲ. ಅವನು ಕಾಲುವೆಯ ತೂಬು ಕಾಯುತ್ತಿದ್ದ ಹಳೇ ಕಾಲದ ಮನುಷ್ಯ. ಸಾಲವೆಂದರೆ ಚರ್ಚಿನಲ್ಲಿ ಒಪ್ಪಿಕೊಳ್ಳಬೇಕಾದ ಪಾಪ ಎಂದು ತಿಳಿದಿದ್ದವನು. ಒಂದು ಭಾನುವಾರ ಪ್ರಾರ್ಥನೆ ಮುಗಿಸಿ ನೇರ ಮಗನ ಮನೆಗೆ ಬಂದು, ತಾನು ಕೂಡಿಟ್ಟದ್ದನ್ನೆಲ್ಲ ಕೊಡುತ್ತೇನೆ, ಸಾಲ ತೀರಿಸಿಬಿಡು ಎಂದ.

"ತೀರಿಸಿದ್ರೆ ಸರ್ಕಾರ ಕೊಡೋದು ನಿಂತೋಗುತ್ತಪ್ಪ," ಎಂದ ಹಿಲ್‌ಬ್ರಾಂಡ್.

"ಎಷ್ಟು ಕೊಡುತ್ತೆ?"

"ನೂರು ಬಡ್ಡಿ ಕಟ್ಟಿದ್ರೆ ಒಂದು ನಲವತ್ತು ಬರುತ್ತೆ."

"ಉಳಿದ ಅರವತ್ತು?"

"ಅದು ಬ್ಯಾಂಕಿಗೆ."

"ತೀರಿಸಿದ್ರೆ ನೂರಕ್ಕೆ ನೂರೂ ನಿನ್ನ ಹತ್ರಾನೇ ಉಳಿಯುತ್ತಲ್ಲೋ."

ಹಿಲ್‌ಬ್ರಾಂಡ್ ಕಕ್ಕಾಬಿಕ್ಕಿಯಾಗಿ ಬೇಲಿಯಾಚೆಯಿಂದ ರೂಲೋಫನನ್ನು ಕರೆದ. ರೂಲೋಫ್ ಕಾಗದದ ಮೇಲೆ ಬಾಣಗಳನ್ನು ಬರೆದು, ಆ ದುಡ್ಡನ್ನು ಬೇರೆ ಕಡೆ ಹಾಕಿದರೆ ಹೇಗೆ ಬೆಳೆಯುತ್ತದೆಂದು ವಿವರಿಸಿದ. ಅವನು ಮಾತಾಡುವಷ್ಟು ಹೊತ್ತು ಎಲ್ಲವೂ ನೀರಿನಷ್ಟು ತಿಳಿಯಾಗಿತ್ತು. ಎದ್ದು ಹೋದ ಮೇಲೆ ತಲೆಯಲ್ಲಿ ಒಂದೂ ಉಳಿಯಲಿಲ್ಲ. ಮುದುಕ ಟೋಪಿ ಹಾಕಿಕೊಂಡು ಹೊರಟುಹೋದ. ಅವನು ತೀರಿಕೊಂಡ ಮೇಲೆ ಆ ದುಡ್ಡು ಹೇಗೂ ಬಂತು. ಬೇರೆ ಕಡೆ ಹಾಕುವುದು ಹಾಗಿರಲಿ, ಮನೆಯ ಹಿಂದೆ ಗಾಜಿನ ಕೋಣೆಯೊಂದು ಎದ್ದಿತು. ಸಾಲ ಹಾಗೇ ಇತ್ತು, ಇವತ್ತಿಗೂ ಇದೆ.

ಮಧ್ಯಾಹ್ನ ಆ ಗಾಜಿನ ಕೋಣೆಯಲ್ಲೇ ಕುರ್ಚಿಗಳನ್ನು ದುಂಡಗೆ ಹಾಕಿದ್ದರು. ಬಂದವರೆಲ್ಲ ಪದ್ಧತಿಯಂತೆ ಒಂದು ಸುತ್ತು ಬಂದು, ಅಲೀಗೆ "ನಿನ್ನ ಗಂಡನ ಹುಟ್ಟುಹಬ್ಬಕ್ಕೆ ಅಭಿನಂದನೆ," ರೂಲೋಫನಿಗೆ "ನಿನ್ನ ನೆರೆಯವನ ಹುಟ್ಟುಹಬ್ಬಕ್ಕೆ ಅಭಿನಂದನೆ," ಎನ್ನುತ್ತ ಕೂತರು. ಫೆನ್ನಾ ಜ್ವೊಲ್ಲೆಯಿಂದ ರೈಲಿನಲ್ಲಿ ಬಂದಳು. ಅವಳು ಮನೆಮನೆಗೆ ಹೋಗಿ ವಯಸ್ಸಾದವರ ಆರೈಕೆ ಮಾಡುವ ದಾದಿ. ಒಂದು ಕೋಣೆಯ ಬಾಡಿಗೆ ಮನೆಯಲ್ಲಿದ್ದಾಳೆ.

ಕೇಕು ಇನ್ನೂ ಬಾಯಲ್ಲಿರುವಾಗಲೇ ರೂಲೋಫ್ ಶುರು ಮಾಡಿದ. "ಈ ಚುನಾವಣೆ ಆದ್ಮೇಲೆ ಮನೆಸಾಲದ ಬಡ್ಡಿಗೆ ಕೊಡೋ ತೆರಿಗೆ ವಿನಾಯಿತಿ ತೆಗೀತಾರಂತೆ. ತೆಗೆದ್ರೆ ಮನೆಗಳ ಬೆಲೆ ನೆಲ ಕಚ್ಚುತ್ತೆ. ಈ ಬೀದಿ ಪೂರ್ತಿ ಮುಳುಗುತ್ತೆ."

"ಬೆಲೆ ಇಳಿದ್ರೆ ನಾನೂ ಒಂದು ಮನೆ ತಗೋಬಹುದಲ್ಲ, ರೂಲೋಫ್ ಮಾವ," ಎಂದಳು ಫೆನ್ನಾ.

"ನೀನೂ ಸಾಲ ತಗೋ, ನಿನಗೂ ವಿನಾಯಿತಿ ಸಿಗುತ್ತೆ. ಬೇಡ ಅಂದೋರ್ಯಾರು?"

"ಬ್ಯಾಂಕೇ ಬೇಡ ಅನ್ನುತ್ತೆ. ನಾನು ಕಟ್ಟೋ ಬಾಡಿಗೆಗಿಂತ ಕಡಿಮೆ ಕಂತು, ಅದನ್ನ ಕಟ್ಟೋಕೆ ನನಗೆ ಶಕ್ತಿ ಇಲ್ವಂತೆ. ಬಾಡಿಗೆಗೆ ಯಾರೂ ಒಂದು ಸೆಂಟೂ ವಾಪಸ್ ಕೊಡಲ್ಲ."

"ಈ ಮನೆ ಮುಂದೆ ನಿನಗೇ ತಾನೇ ಬರೋದು?" ಅಲೀ ಸಮಾಧಾನ ಮಾಡಲು ನೋಡಿದಳು.

"ನೀವು ತೊಂಬತ್ತು ಮುಟ್ಟೋ ಹೊತ್ತಿಗೆ ನಾನೇ ಪಿಂಚಣಿ ತಗೋತಿರ್ತೀನಮ್ಮಾ. ಅಲ್ಲೀವರೆಗೆ ಎಲ್ಲಿರ್ಲಿ?"

"ಸರ್ಕಾರ ನಮಗೆ ಕೊಟ್ಟಿದ್ದನ್ನ ಯಾಕೆ ಬಿಡ್ಬೇಕು?" ಎಂದ ರೂಲೋಫ್.

"ಸರ್ಕಾರ ಅಂದ್ರೆ ಯಾರು ಮಾವ? ನನ್ನ ಸಂಬಳದಲ್ಲೂ ತೆರಿಗೆ ಹಿಡೀತಾರೆ. ಬಾಡಿಗೆ ಮನೇಲಿರೋಳು ಸ್ವಂತ ಮನೆಯೋರ ಬಡ್ಡಿಗೆ ಸಹಾಯ ಮಾಡ್ತಿದೀನಿ." ಅವಳು ಅಪ್ಪನ ಕಡೆ ತಿರುಗಿದಳು. "ಅಪ್ಪಾ, ನೀನು ಹೇಳು. ಇದು ಇರ್ಬೇಕೋ ಬೇಡ್ವೋ?"

ಎಲ್ಲರೂ ಹಿಲ್‌ಬ್ರಾಂಡನನ್ನೇ ನೋಡಿದರು. ಅವನ ತಲೆಯೊಳಗೆ ಸಂತೆ ನೆರೆದಿತ್ತು. ಮಗಳು ಹೇಳುವುದರಲ್ಲಿ ತಪ್ಪೇನೂ ಕಾಣಲಿಲ್ಲ. ಆದರೆ ಇನ್ನು ಕೆಲವೇ ವರ್ಷಕ್ಕೆ ತನಗೆ ನಿವೃತ್ತಿ. ಅಸಲು ಹಾಗೇ ಕೂತಿದೆ. ವಿನಾಯಿತಿಯೂ ಹೋದರೆ ಅಲೀ ಈ ವಯಸ್ಸಿನಲ್ಲಿ ಮನೆ ಖಾಲಿ ಮಾಡಬೇಕಾದೀತು. ಮಗಳಿಗೆ ಮನೆ ಸಿಗಲಿ ಎಂದರೆ ಹೆಂಡತಿಯ ಮನೆ ಹೋಗುತ್ತದೆ. ಹಾಗಾದರೆ ಇರಲಿ ಎನ್ನಬೇಕೆ? ಹಾಗಂದುಬಿಟ್ಟರೆ ಆರೈಕೆ ಮಾಡಿ ಸುಸ್ತಾಗಿ ಬಂದ ಹುಡುಗಿಯ ಮುಖ ನೋಡುವುದು ಹೇಗೆ? ನಿಧಾನವಾಗಿ ತೆಗೆದರೆ? ನಿಧಾನ ಅಂದರೆ ಎಷ್ಟು ನಿಧಾನ? ಗೊತ್ತಿಲ್ಲ ಮಗಳೇ, ನನಗೂ ಹೆದರಿಕೆಯಾಗುತ್ತಿದೆ ಎಂದಿದ್ದರೂ ನಡೆಯುತ್ತಿತ್ತು. ಅಷ್ಟನ್ನೂ ಹೇಳಲಿಲ್ಲ ಪುಣ್ಯಾತ್ಮ.

"ಯಾರಿಗೆ ಇನ್ನೊಂದು ಕಾಫಿ?" ಎಂದ.

ಅಲೀ ಬದುಕಿದೆ ಎಂಬಂತೆ ಉಸಿರು ಬಿಟ್ಟಳು. ನಾಲ್ಕಾರು ಬಟ್ಟಲುಗಳು ಒಟ್ಟಿಗೆ ಮುಂದೆ ಬಂದವು. ಚೀಸಿನ ತಟ್ಟೆ ಸುತ್ತು ಹೊರಟಿತು, ಮಾತು ಮಳೆಯ ಕಡೆ ಹೊರಳಿತು. ಫೆನ್ನಾ ಸ್ವಲ್ಪ ಹೊತ್ತು ಕೂತಿದ್ದು ಎದ್ದಳು.

ಹೊರಡುವವರು ಸುಮ್ಮನೆ ಎದ್ದು ಹೋಗುವಂತಿಲ್ಲ, ದುಂಡಗೆ ಕೂತವರನ್ನೆಲ್ಲ ಒಬ್ಬೊಬ್ಬರಾಗಿ ಬೀಳ್ಕೊಡಬೇಕು. ಫೆನ್ನಾ ಒಂದು ಸುತ್ತು ಬಂದಳು. ಬಂದಿದ್ದ ಅತ್ತೆಯಂದಿರ ಕೆನ್ನೆಗೆ, ಹತ್ತಿರದವರಿಗೆ ಕೊಡುವಂತೆ, ಮೂರು ಮುತ್ತು. ಅಮ್ಮನಿಗೆ ಮೂರು. ರೂಲೋಫನಿಗೂ ಬಗ್ಗಿ ಮೂರು ಮುತ್ತು ಕೊಟ್ಟು, "ನೀನಾದ್ರೂ ಇದ್ದದ್ದನ್ನ ಇದ್ದ ಹಾಗೆ ಹೇಳ್ತೀಯ ಮಾವ," ಎಂದಳು. ಕೊನೆಯಲ್ಲಿ ಅಪ್ಪನ ಮುಂದೆ ಬಂದು ನಿಂತಳು. ಅವನು ಆಗಲೇ ಕೆನ್ನೆ ಮುಂದೆ ಮಾಡಿದ್ದ. ಅವಳು ಕೈ ಚಾಚಿದಳು.

"ಕಾಫಿ ಚೆನ್ನಾಗಿತ್ತು," ಎಂದಳು.

ಪಕ್ಕದ ಬೀದಿಯವರು ಬಂದರೆ ಹಾಗೆ ಕೈ ಕುಲುಕಿ ಹೋಗುತ್ತಾರೆ. ಹಿಲ್‌ಬ್ರಾಂಡ್ ಆ ಕೈ ಹಿಡಿದುಕೊಂಡೇ, "ಇದು ಸರಿಯಲ್ಲ, ಫೆನ್ನಾ," ಎಂದ.

"ಯಾವುದಪ್ಪಾ? ಬಡ್ಡಿ ವಿಷಯಾನೋ, ನಾನು ಕೈ ಕೊಟ್ಟಿದ್ದೋ?"

ಅವಳು ನಿಜವಾಗಿಯೇ ಕೇಳಿದ್ದಳು, ಉತ್ತರಕ್ಕೆ ಕಾದೂ ನಿಂತಳು. ಅವನು ಯೋಚಿಸಿದ. ಸುತ್ತ ಕೂತವರು ಕಾಫಿ ಬಟ್ಟಲು ಹಿಡಿದುಕೊಂಡೇ ಕಾದರು. ಯಾವುದೆಂದು ಅವನಿಗೇ ಗೊತ್ತಿರಲಿಲ್ಲ, ಕೈ ಮಾತ್ರ ಬಿಡಲಾರದೆ ಹಿಡಿದಿದ್ದ. ಕೊನೆಗೆ ಅವಳೇ ಮೆಲ್ಲಗೆ ಬಿಡಿಸಿಕೊಂಡು ಸ್ಟೇಷನ್ನಿನ ಕಡೆ ಹೊರಟುಹೋದಳು.