ಬಸ್ತಾದ ಗಾದಿಯ ಮೇಲೆ ಚೌಕಾಬಾರ

ತನ್ನ ಕೆಲಸ ಏನೆಂದು ಮನೆಯವರಿಗೆ ತಿಳಿಸಿ ಹೇಳುವುದೇ ಬೀಳಗಿಯ ಬಾಳೇಶನಿಗೆ ಇನ್ನೊಂದು ಕೆಲಸವಾಗಿತ್ತು. ದಿನವಿಡೀ ಅಂಗಡಿಯಲ್ಲಿ ನಿಲ್ಲುತ್ತಿದ್ದ, ಆದರೆ ಏನನ್ನೂ ಮಾರುತ್ತಿರಲಿಲ್ಲ. ಎದುರಿಗೆ ಕಬ್ಬಿಣದ ಸ್ಟ್ಯಾಂಡು, ಅದರ ಮೇಲೊಂದು ಟ್ಯಾಬ್, ಟ್ಯಾಬಿನಲ್ಲಿ ಮೊಬೈಲ್ ಆಟದ ಒಂದು ತುಣುಕು. ಬಂದ ಗಿರಾಕಿ ಅದನ್ನು ಪುಕ್ಕಟೆ ಆಡಬೇಕು. ರುಚಿ ಹತ್ತಿತು ಅನ್ನುವಷ್ಟರಲ್ಲಿ ಆಟ ನಿಲ್ಲಬೇಕು. ಮುಂದಿನದನ್ನು ಆಡಲು ಅವನು ತನ್ನ ಫೋನಿಗೆ ಆ್ಯಪ್ ಇಳಿಸಿಕೊಳ್ಳಬೇಕು. ಇದನ್ನೆಲ್ಲ ನೋಡುತ್ತ ಪಕ್ಕದಲ್ಲಿ ನಗುಮುಖದಿಂದ ನಿಲ್ಲುವುದಕ್ಕೆ ಬಾಳೇಶನಿಗೆ ಪಗಾರ. ಅವ್ವ ಓಣಿಯಲ್ಲಿ ಮಗ ಕಂಪ್ಯೂಟರ್ ಲೈನಿನಲ್ಲಿದ್ದಾನೆ ಅನ್ನುತ್ತಿದ್ದಳು. ಲೈನಿನಲ್ಲಿ ನಿಂತಿರುವುದಂತೂ ನಿಜವಾದ್ದರಿಂದ ಅವನು ತಿದ್ದಲು ಹೋಗಿರಲಿಲ್ಲ.

ಮೊದಲು ಜಮಖಂಡಿಯ ಮೊಬೈಲ್ ಅಂಗಡಿಯೊಂದರಲ್ಲಿ ಕಾರು ಓಡಿಸುವ ಆಟ ಇಟ್ಟುಕೊಂಡು ನಿಂತಿದ್ದ. ಫೋನಿಗೆ ಗಾಜು ಅಂಟಿಸಲು ಬಂದವರು ಅದು ಅಂಟುವವರೆಗೆ ಕಾರು ಓಡಿಸಿ, ಅಂಟಿದ ಮೇಲೆ ಫೋನು ಕಿಸೆಗಿಟ್ಟುಕೊಂಡು ಹೋಗುತ್ತಿದ್ದರು. ಮುಧೋಳದ ಬೇಕರಿಯಲ್ಲಿ ಗಿರಾಕಿಗಳು ಖಾರಾ ತಿಂದ ಕೈಯಲ್ಲೇ ಆಡಿದರು. ಬಾಳೇಶ ಆಟ ಆಡಿಸಿದ್ದಕ್ಕಿಂತ ಗಾಜು ಒರೆಸಿದ್ದೇ ಹೆಚ್ಚು. ಹುಬ್ಬಳ್ಳಿಯ ಸಾಹೇಬರು ಫೋನಿನಲ್ಲಿ ಮೆತ್ತಗೆ ಹೇಳಿದ್ದರು: ಇನ್ನೊಂದೇ ಜಾಗ ನೋಡೋಣ, ಅಲ್ಲಿಂದಲೂ ಸ್ಟ್ಯಾಂಡು ಎತ್ತಬೇಕಾದರೆ ನಿನ್ನನ್ನೂ ಎತ್ತಬೇಕಾಗುತ್ತದೆ.

ಎತ್ತಿದರೆ ಎಲ್ಲಿ ಇಳಿಯಬೇಕೆಂಬುದೂ ಗೊತ್ತಿತ್ತು. ಬಾಡಗಂಡಿಯ ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ಗಾಡಿ ತೂಗುವಲ್ಲಿ ಸೋದರಮಾವ ತುಕಾರಾಮ ತನ್ನ ಪಕ್ಕದಲ್ಲೇ ಅವನಿಗೊಂದು ಕುರ್ಚಿ ಕಾಯ್ದಿಟ್ಟಿದ್ದ. ಕೆಲಸ ಕೆಟ್ಟದ್ದೇನಲ್ಲ. ಮಾವನೇ ತೊಡಕು. ತಲೆ ಬಾಚುವುದರಿಂದ ಹಿಡಿದು ಹೆಣ್ಣು ನೋಡುವುದರವರೆಗೆ ಮಾವನ ಬಳಿ ಉಪದೇಶವಿತ್ತು, ದೂರ ಸರಿದು ಕೂಡೋಣವೆಂದರೆ ಆ ಕುರ್ಚಿಗೆ ಗಾಲಿಯೂ ಇರಲಿಲ್ಲ.

ಆಗ ಬಾಳೇಶನಿಗೆ ಜೀವನದಲ್ಲೇ ಮೊದಲ ಸಲ ಒಂದು ಸ್ವಂತ ವಿಚಾರ ಹೊಳೆಯಿತು. ಚಿಕ್ಕಪ್ಪನ ಮಗಳ ಮದುವೆಯ ಬಸ್ತಾಕ್ಕೆ ಅವನೂ ಬನಹಟ್ಟಿಗೆ ಹೋಗಿದ್ದ. ಬಸ್ತಾ ಅಂದರೆ ಮದುವೆಯ ಜವಳಿ ಖರೀದಿ. ಗಂಡಿನ ಕಡೆಯವರು, ಹೆಣ್ಣಿನ ಕಡೆಯವರು ಒಂದೇ ಅಂಗಡಿಯ ಗಾದಿಯ ಮೇಲೆ ಬೆಳಗಿನಿಂದ ಸಂಜೆಯವರೆಗೆ ಕೂಡುತ್ತಾರೆ. ಹೆಂಗಸರು ಸೀರೆ ಬಿಚ್ಚಿಸುತ್ತಾರೆ. ಗಂಡಸರು ಲೋಡಿಗೆ ಒರಗಿ ಆಕಳಿಸುತ್ತಾರೆ. ಇಷ್ಟೊಂದು ಮಂದಿ ಇಷ್ಟೊಂದು ಹೊತ್ತು ಕೆಲಸವಿಲ್ಲದೆ ಕೂಡುವ ಜಾಗ ನಾಲ್ಕು ತಾಲೂಕಿನಲ್ಲಿ ಮತ್ತೊಂದಿಲ್ಲ ಅನ್ನಿಸಿತು. ಕಂಪನಿಯವರು ಆಗಷ್ಟೇ ಚೌಕಾಬಾರದ ಆ್ಯಪ್ ತಂದಿದ್ದರು. ಕವಡೆ ಹಾಕಿ ಕಾಯಿ ನಡೆಸುವ ಅದೇ ಹಳೆಯ ಆಟ. ಇಲ್ಲಿ ಗಾಜಿನ ಮೇಲೆ ಬೆರಳು ಸವರಿದರೆ ಕವಡೆ ಉರುಳುತ್ತಿದ್ದವು.

ಬನಹಟ್ಟಿಯ ಜವಳಿ ಅಂಗಡಿಯ ಗಿರಿಮಲ್ಲಪ್ಪ ಸಾವಕಾರರು ಸ್ಟ್ಯಾಂಡನ್ನು ಮೇಲಿನಿಂದ ಕೆಳಗೆ ನೋಡಿ, ಇಡು ಅಂದರು. ಕರಾರು ಒಂದೇ. “ಬಸ್ತಾದ ಮಂದಿ ಸಿಟ್ಟಾಗಿ ಎದ್ದು ಹೋದ್ರ, ಅವರ ಹಿಂದ ನಿನ್ನ ಕಂಬಾನೂ ಹೋಗಬೇಕು ನೋಡ್ ತಮ್ಮಾ.”

ಮೊದಲ ವಾರ ಯಾರೂ ಎದ್ದು ಹೋಗಲಿಲ್ಲ. ಯಾರೂ ಆ್ಯಪ್ ಇಳಿಸಿಕೊಳ್ಳಲೂ ಇಲ್ಲ.

ಎರಡನೆಯ ವಾರ ದೊಡ್ಡದೊಂದು ಬಸ್ತಾ ಬಂತು. ಗಂಡಿನ ಕಡೆಯವರು ಅನಗವಾಡಿಯವರು, ಹೆಣ್ಣಿನ ಕಡೆಯವರು ಮುಧೋಳದವರು. ವರ ರಾಹುಲ ಒಂದು ಮೂಲೆಯಲ್ಲಿ, ವಧು ಸರಿತಾ ಇನ್ನೊಂದು ಮೂಲೆಯಲ್ಲಿ ಕುಳಿತು ತಮ್ಮ ತಮ್ಮ ಕಾಲ್ಬೆರಳು ನೋಡಿಕೊಳ್ಳುತ್ತಿದ್ದರು. ನೆಂಟರಿಗೆ ಉಡುಗೊರೆ ಕೊಡುವ ಆಯೇರಿ ಸೀರೆಗಳೇ ಮಧ್ಯಾಹ್ನದವರೆಗೆ ನಡೆದವು. ವರನ ತಂದೆ ಬಸಗೊಂಡಪ್ಪನವರು ಆಕಳಿಸಿ ಆಕಳಿಸಿ ಕಣ್ಣಲ್ಲಿ ನೀರು ತಂದುಕೊಂಡಿದ್ದರು. ಬಾಳೇಶ ಸ್ಟ್ಯಾಂಡಿನಿಂದ ಟ್ಯಾಬ್ ಬಿಚ್ಚಿ ಅವರ ಮುಂದಿಟ್ಟ. ಎದುರಾಳಿ ಯಾರು ಅಂದಾಗ ವಧುವಿನ ಅಜ್ಜಿ ಮುದಕವ್ವ ಎಲೆಚೀಲ ಸರಿಸಿ ಕೂತಳು. ಬೀಗರಿಬ್ಬರು ಎದುರುಬದುರಾದರೆ ಅಂಗಡಿಗೇ ಕಳೆ ಎಂದು ಬಾಳೇಶ ಹಿಗ್ಗಿದ. ಹಿಗ್ಗಿದಾಗಲೆಲ್ಲ ತನಗೆ ಎಡವಟ್ಟಾಗಿದೆ ಎಂಬುದು ಅವನಿಗೆ ಆ ಕ್ಷಣ ನೆನಪಾಗಲಿಲ್ಲ.

ಚೌಕಾಬಾರದ ಒಂದು ಕಟ್ಟಳೆ ಎಲ್ಲರಿಗೂ ಗೊತ್ತಿರುವಂಥದ್ದು: ಎದುರಿನವರ ಒಂದಾದರೂ ಕಾಯಿ ಹೊಡೆಯದೆ ಒಳಗಿನ ಮನೆಗಳಿಗೆ ಹೋಗುವಂತಿಲ್ಲ. ಆದರೆ ಬೀಗರ ಕಾಯಿಯನ್ನು ಬೀಗರು ಹೊಡೆಯುವುದೆಂತು? ಬಸಗೊಂಡಪ್ಪನವರಿಗೆ ಹೊಡೆಯುವ ಅವಕಾಶ ಬಂತು. ಛೇ ಛೇ ಎಂದು ಬೇರೆ ಕಾಯಿ ನಡೆಸಿದರು. ಮುದಕವ್ವನಿಗೂ ಬಂತು, ಅವಳೂ ದಾಟಿ ಹೋದಳು. ಎರಡೂ ಕಡೆಯ ಕಾಯಿಗಳು ಹೊರಗಿನ ಸುತ್ತಿನಲ್ಲೇ ಒಂದಕ್ಕೊಂದು ದಾರಿ ಬಿಟ್ಟುಕೊಡುತ್ತ ತಿರುಗಿದವು. ಸೀರೆ ನೋಡುತ್ತಿದ್ದ ಹೆಂಗಸರು ಆಟ ನೋಡತೊಡಗಿದರು.

ಕೊನೆಗೆ ಮುದಕವ್ವನೇ ಬೇಸತ್ತಳು. “ಬೀಗತನ ಊಟಕ್ಕ ಕುಂತಾಗ ಇರ್ಲಿರಿ ಬೀಗರ. ಹೊಡೀಲಾರದ ಒಳಗ ಹೋಗಾಕ ಬರೂದಿಲ್ಲ, ನಾ ಏನ್ ಮಾಡ್ಲಿ?” ಎಂದವಳೇ ಬೆರಳು ಊರಿದಳು. ಬಸಗೊಂಡಪ್ಪನವರ ಕಾಯಿ ಟಣ್ಣನೆ ಹಾರಿ ಮೊದಲಿನ ಮನೆಗೆ ಬಿತ್ತು. ಅವರು ಮೀಸೆ ನೇವರಿಸಿ ಸೇಡಿಗೆ ಕೈ ಮುಂದೆ ಮಾಡಿದರು. ಅಷ್ಟರಲ್ಲಿ ಪರದೆ ನೀಲಿಯಾಗಿ, ಬಣ್ಣಬಣ್ಣದ ಬಲೂನು ಹಾರಿ, ಮುಂದೆ ಆಡಲು ಈಗಲೇ ಆ್ಯಪ್ ಇಳಿಸಿಕೊಳ್ಳಿ ಎಂಬ ಅಕ್ಷರ ಮೂಡಿತು.

“ಹೊಡಿಸ್ಕೊಂಡಾಂವ ನಾನು,” ಅಂದರು ಬಸಗೊಂಡಪ್ಪನವರು. “ಈಗ ನನ್ನ ಪಾಳಿ. ನನ್ನ ಪಾಳಿ ಎಲ್ಲಿ ಹೋತೋ ತಮ್ಮಾ?”

ಬಾಳೇಶನ ಬಾಯಿಂದ ತರಬೇತಿಯಲ್ಲಿ ಕಲಿತ ಮಾತೇ ಬಂತು. “ಪೂರ್ತಿ ಆಟ ನಿಮ್ಮ ಫೋನಿನ್ಯಾಗ ಸಿಗತೈತ್ರೀ ಯಜಮಾನ್ರ.”

ಅವರು ಅಂಗಿಯ ಕಿಸೆಯಿಂದ ರಬ್ಬರ್ ಬ್ಯಾಂಡ್ ಸುತ್ತಿದ ಗುಂಡಿಫೋನು ತೆಗೆದು ಗಾದಿಯ ಮೇಲಿಟ್ಟರು. “ಹಂಗಾರ ಇದರಾಗ ಇಳಸು.”

ಬಿಚ್ಚಿದ ಸೀರೆಗಳ ಅಂಚು ಹೆಂಗಸರ ಕೈಯಲ್ಲೇ ಉಳಿದವು. ವಧುವಿಗೆ ಗಂಡಿನ ಮನೆಯವರು ಕೊಡಬೇಕಾದ ದೊಡ್ಡ ಸೀರೆ ಇನ್ನೂ ಆರಿಸುವುದಿತ್ತು. ಬಸಗೊಂಡಪ್ಪನವರ ಬಲಗಾಲು ಗಾದಿಯ ಕೆಳಗೆ ಚಪ್ಪಲಿ ಹುಡುಕತೊಡಗಿತು. ಗಿರಿಮಲ್ಲಪ್ಪನವರು ಆ ಕಾಲನ್ನು ನೋಡಿದರು, ಆಮೇಲೆ ಬಾಳೇಶನನ್ನು ನೋಡಿದರು. ಬಾಳೇಶನಿಗೆ ಬಾಡಗಂಡಿಯ ಕುರ್ಚಿ ಕಣ್ಣಮುಂದೆ ಬಂತು, ಅದರ ಪಕ್ಕದಲ್ಲಿ ಮಾವ.

ಟ್ಯಾಬಿನಲ್ಲಿ ಆಟವನ್ನು ಮತ್ತೆ ಶುರು ಮಾಡಬಹುದಿತ್ತು, ನಿಂತಲ್ಲಿಂದ ಮುಂದುವರಿಸಲು ಬರುತ್ತಿರಲಿಲ್ಲ. ಅವನು ಖಾಲಿ ಸೀರೆ ಡಬ್ಬಿಯೊಂದನ್ನು ಎಳೆದು ಅದರ ರಟ್ಟು ಹರಿದ. ಬಟ್ಟೆಗೆ ಗುರುತು ಹಾಕುವ ನೀಲಿ ಚಾಕಿನಿಂದ ಮನೆಗಳನ್ನು ಗೀಚಿದ. ಗೆರೆ ನೆಟ್ಟಗೆ ಬರಲಿಲ್ಲ. ಕಾಯಿಗಳೆಂದು ಗಂಡಿನ ಕಡೆಗೆ ಮಡಚಿದ ಬೆಲೆಚೀಟಿ, ಹೆಣ್ಣಿನ ಕಡೆಗೆ ಅಂಗಿಯ ಗುಂಡಿ. ದಿನವಿಡೀ ಪರರ ಆಟ ನೋಡುತ್ತ ನಿಲ್ಲುವವನಿಗೆ ಯಾವ ಕಾಯಿ ಎಲ್ಲಿತ್ತು ಎಂಬುದಾದರೂ ನೆನಪಿರಬೇಕಲ್ಲ, ನೆನಪಿದ್ದಂತೆ ಇಟ್ಟ. ತನ್ನದು ಒಂದು ಮನೆ ಮುಂದಿತ್ತು ಎಂದಳು ಮುದಕವ್ವ. ಮುಂದಲ್ಲ, ಹಿಂದಿತ್ತು ಎಂದರು ಬಸಗೊಂಡಪ್ಪನವರು. ಬಾಳೇಶ ಇಟ್ಟದ್ದು ತಪ್ಪು ಎಂಬ ಒಂದು ವಿಷಯದಲ್ಲಿ ಬೀಗರಿಬ್ಬರೂ ಒಂದಾದರು. ಬಲಗಾಲು ಗಾದಿಯ ಮೇಲೆ ಬಂತು.

ಕವಡೆ ಎಲ್ಲಿ ಅಂದಾಗ ಅವನು ಮತ್ತೆ ಖಾಲಿ ಡಬ್ಬಿಗಳನ್ನು ತಡಕಿದ. ಮುದಕವ್ವ ಎಲೆಚೀಲದಿಂದ ನಾಲ್ಕು ಅಡಿಕೆ ಹೋಳು ತೆಗೆದಳು. ಒಂದು ಮೈ ಚಪ್ಪಟೆ, ಒಂದು ಮೈ ಗುಂಡು. ಬಸಗೊಂಡಪ್ಪನವರು ಅವನ್ನು ಅಂಗೈಯಲ್ಲಿ ಕುಲುಕಿ, ಉಫ್ ಎಂದು ಊದಿ ಎಸೆದರು. ಮೂರನೆಯ ಪಾಳಿಗೆ ಅವರ ಹೊಡೆತಕ್ಕೆ ಮುದಕವ್ವನ ಕಾಯಿ ಬಿತ್ತು. ಆಮೇಲೆ ಯಾರೂ ಯಾರಿಗೂ ದಾರಿ ಬಿಡಲಿಲ್ಲ. ಅತ್ತಿಗೆ ನಾದಿನಿಯರು ಎರಡು ಪಕ್ಷವಾಗಿ ಕೂಗಿದರು. ಗಿರಿಮಲ್ಲಪ್ಪನವರು ಚಹಾ ತರಿಸಿ, ಲೆಕ್ಕ ತಪ್ಪದಂತೆ ತಾವೇ ಬಗ್ಗಿ ನೋಡುತ್ತ ನಿಂತರು. ಕೊನೆಯ ಕಾಯಿಯನ್ನೂ ನಡುಮನೆ ಮುಟ್ಟಿಸಿ ಹಣ್ಣು ಮಾಡಿ ಗೆದ್ದವಳು ಮುದಕವ್ವನೇ. ಸೋತರೂ ಸೇಡು ತೀರಿದ್ದರಿಂದ ಬಸಗೊಂಡಪ್ಪನವರು ಪ್ರಸನ್ನರಾಗಿದ್ದರು. ದೊಡ್ಡ ಸೀರೆಯನ್ನು ಬೀಗತಿಯೇ ಆರಿಸಲಿ ಎಂದುಬಿಟ್ಟರು. ಅವಳು ಮೊಮ್ಮಗಳತ್ತ ತಿರುಗಿ ನಿನಗ ಯಾವುದು ಬೇಕವಾ ಅಂದಳು. ಮೊಮ್ಮಗಳು ಮೂಲೆಯಲ್ಲಿರಲಿಲ್ಲ.

ಎಲ್ಲರೂ ರಟ್ಟಿನ ಸುತ್ತ ನೆರೆದಿದ್ದಾಗ ಟ್ಯಾಬ್ ಅನಾಥವಾಗಿ ಬಿದ್ದಿತ್ತು. ಅದರ ಎರಡೂ ಬದಿಗೆ ರಾಹುಲ, ಸರಿತಾ ಕುಳಿತಿದ್ದರು. ಆಟ ಅರ್ಧಕ್ಕೆ ನಿಂತು ಬಲೂನು ಹಾರಿದಾಗಲೆಲ್ಲ ಸರಿತಾ ನಗುತ್ತಿದ್ದಳು, ರಾಹುಲ ಮತ್ತೆ ಮೊದಲಿನಿಂದ ಶುರು ಮಾಡುತ್ತಿದ್ದ. ಬಾಳೇಶ ಹತ್ತಿರ ಬಂದಾಗ ರಾಹುಲ ದನಿ ತಗ್ಗಿಸಿ ಕೇಳಿದ: “ಅಣ್ಣಾರ, ಒಬ್ರು ಅನಗವಾಡ್ಯಾಗಿದ್ದು, ಒಬ್ರು ಮುಧೋಳದಾಗಿದ್ರ ಇದನ್ನ ಆಡಾಕ ಬರತೈತೇನ್ರಿ?”

ಬರುತ್ತಿತ್ತು. ಅದೇ ಆ್ಯಪಿನ ದೊಡ್ಡ ಗುಣವೆಂದು ತರಬೇತಿಯಲ್ಲಿ ಹೇಳಿಕೊಟ್ಟಿದ್ದರು. ಆದರೆ ಬಾಳೇಶ ಆ ಮಾತಿಗೆ ಬರುವ ತನಕ ಯಾವ ಗಿರಾಕಿಯೂ ಈವರೆಗೆ ನಿಂತಿರಲಿಲ್ಲ. ಇಬ್ಬರ ಫೋನಿಗೂ ಅವನೇ ಇಳಿಸಿಕೊಟ್ಟ.

ಸರಿತಾ ಆರಿಸಿದ ದೊಡ್ಡ ಸೀರೆಯ ಸಮೇತ ಜವಳಿಯ ಗಂಟುಗಳೆಲ್ಲ ಗಾಡಿ ಏರಿದ ಮೇಲೆ ಬಾಳೇಶ ಯಾರೂ ಹೇಳುವ ಮೊದಲೇ ಚಾರ್ಜರಿನ ವಾಯರ್ ಸುತ್ತತೊಡಗಿದ. ಬಸಗೊಂಡಪ್ಪನವರ ಕಾಲು ಚಪ್ಪಲಿಯ ತನಕ ಹೋದದ್ದಂತೂ ನಿಜ. ಗಿರಿಮಲ್ಲಪ್ಪನವರು ಸೀರೆ ಮಡಚುತ್ತಲೇ ಕೇಳಿದರು. “ಅದ್ಯಾಕ ಸುತ್ತಾಕತ್ತೀ?”

“ನೀವ ಕರಾರು ಮಾಡಿದ್ರಲ್ರಿ ಸಾವಕಾರ್ರ.”

“ಯಾರರ ಎದ್ದು ಹೋದ್ರೇನು?” ಎಂದು ಅವರು ಇನ್ನೊಂದು ಸೀರೆ ಎತ್ತಿಕೊಂಡರು. “ಇರ್ಲಿ ಅದು. ನಾಳೆ ಬರೂ ಮುಂದ ಒಂದ ಛಲೋ ರಟ್ಟು ಗೀಚಿಕೊಂಡ ಬಾ. ನಿನ್ನ ಗೆರಿ ನೋಡಿದ್ರ ಮಂದಿ ಆಡೂದಿಲ್ಲ.”

ಬಾಳೇಶ ವಾಯರ್ ಬಿಚ್ಚಿ ಮತ್ತೆ ಗೋಡೆಗೆ ಚುಚ್ಚಿದ. ಬಸ್ಸಿನಲ್ಲಿ ಕಿಟಕಿಯ ಸೀಟು ಸಿಕ್ಕಿತು. ಮಾವನ ಫೋನು ಬಂದಾಗ, ಕುರ್ಚಿ ಬೇರೆಯವರಿಗೆ ಕೊಡು ಎಂದು ಹೇಳಿ, ತಲೆ ಬಾಚುವ ವಿಷಯ ಬರುವ ಮೊದಲೇ ಇಟ್ಟ. ಆಮೇಲೆ ನೆನಪಾಯಿತು: ಊರಿಗೆಲ್ಲ ಇಳಿಸಿಕೊಳ್ಳಿ ಎನ್ನುವ ಆ್ಯಪ್ ತನ್ನ ಫೋನಿನಲ್ಲೇ ಇರಲಿಲ್ಲ. ಹಳೆಯ ಫೋಟೋ ಅಳಿಸಿ ಜಾಗ ಮಾಡಿ ಇಳಿಸಿಕೊಂಡ. ಜಮಖಂಡಿ ಬರುವಷ್ಟರಲ್ಲಿ ಅವನ ಒಂದು ಕಾಯಿಯೂ ಹಣ್ಣಾಗಿರಲಿಲ್ಲ. ಬೀಳಗಿಯ ಬಸ್ಸು ಹತ್ತಿ ಮತ್ತೆ ಕವಡೆ ಉರುಳಿಸಿದ.